ಗುರುವಾರದ ಮುಖ

ಬಚ್ಚಲಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ ಅವಳು ಇಣುಕಿದಾಗ ಗಂಡ ಮೂಗಿಗೆ ಐಸ್ ಉಜ್ಜುತ್ತಿದ್ದ. ಜೇಡಿಮಣ್ಣಿನ ಲೇಪ ತೊಳೆದಾಗಿತ್ತು. ಇನ್ನು ಬಾಕಿಯಿದ್ದದ್ದು ಆ ಪುಟ್ಟ ಟ್ಯೂಬು. ‘ಚರ್ಮದ ಅಗಲವಾದ ರಂಧ್ರಗಳು ಮಾಯ’ ಎಂದು ಅದರ ಮೇಲಿದ್ದುದನ್ನು ಅವಳು ಆಗಲೇ ಕದ್ದು ಓದಿದ್ದಳು.

ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆಯುವ ಮನುಷ್ಯ. ಮದುವೆಯ ದಿನವೂ ಬಟ್ಟೆ ಸೋಪಿನಲ್ಲೇ ಮುಖ ತೊಳೆದಿದ್ದ ಭೂಪ. ಈಗ ಕೆಲವು ತಿಂಗಳಿಂದ ಪ್ರತಿ ಗುರುವಾರ ಸಂಜೆ ಮೂಗಿಗೆ ಫಿನಿಶಿಂಗ್ ಕೊಡುತ್ತಿದ್ದಾನೆ!

ಅವನು ದೀಪ ಆರಿಸಿದ. ಮಬ್ಬಿನಲ್ಲಿ ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಕೆನ್ನೆಗೆ ಬೆರಳು ಓಡಿಸಿದ. ಸಮಾಧಾನವಾಗಲಿಲ್ಲವೇನೋ, ಮತ್ತೆ ಟ್ಯೂಬು ಹಿಂಡಿದ. ಯಾರೋ ಮುಟ್ಟುವ ಮುಖ ಅದು.

ಅವಳು ಸದ್ದಿಲ್ಲದೆ ಹೊಲಿಗೆ ಯಂತ್ರದ ಮುಂದೆ ಬಂದು ಕೂತಳು. ರವಿಕೆಯ ಎಡತೋಳನ್ನು ಬಲಕ್ಕೆ ಜೋಡಿಸಿದ್ದು ಗೊತ್ತಾಗಿ, ಬಿಚ್ಚಿ, ಮತ್ತೆ ಹಾಗೆಯೇ ಜೋಡಿಸಿದಳು.

“ಎಲ್ಲಿಗೆ ರೀ?”

“ಓವರ್‌ಟೈಮು ಕಣೇ.”

“ಯಂತ್ರ ನಿಮ್ಮ ಮೂಗು ನೋಡುತ್ತಾ?”

ಅವನು ನಗಲಿಲ್ಲ. ಮುಖಕ್ಕೆ ಅಷ್ಟೆಲ್ಲ ಸೇವೆ ಮಾಡಿದವನು ತಲೆ ಬಾಚಿರಲಿಲ್ಲ. ತೊಟ್ಟ ಚೌಕಳಿ ಅಂಗಿ ಅವಳು ಹೊಲಿದದ್ದಲ್ಲ, ಭುಜದಲ್ಲಿ ಸಡಿಲ. ಅಳತೆ ತಿಳಿಯದ ಯಾರೋ ಕೊಟ್ಟಿರಬೇಕು ಎಂದುಕೊಂಡಳು ಅವಳು.

ಭಾವ ತೀರಿಹೋದ ಮೇಲೆ ಅವನು ಅವನಾಗಿರಲಿಲ್ಲ. ಲಾರಿ ಓಡಿಸುತ್ತಿದ್ದ ಭಾವ ರಸ್ತೆಯಲ್ಲೇ ಹೋಗಿಬಿಟ್ಟಿದ್ದರು. ಅಣ್ಣತಮ್ಮಂದಿರದ್ದು ಒಂದೇ ಎತ್ತರ, ಒಂದೇ ದನಿ; ಫೋನಿನಲ್ಲಿ ಅವಳೇ ಎಷ್ಟೋ ಸಲ ಮೋಸ ಹೋಗಿದ್ದಳು. ಅಷ್ಟು ಹಚ್ಚಿಕೊಂಡಿದ್ದ ಅಣ್ಣ ಸತ್ತರೂ ಇವನು ಒಂದು ಹನಿ ಕಣ್ಣೀರು ಹಾಕಲಿಲ್ಲ.

ಹೃದಯದ ಆಪರೇಷನ್ ಆಗಿ ನರ್ಸಿಂಗ್ ಹೋಮಿನಲ್ಲಿದ್ದ ಅತ್ತೆಗೆ ಸಾವಿನ ಸುದ್ದಿ ಹೇಳಿರಲಿಲ್ಲ. ಸದ್ಯಕ್ಕೆ ಬೇಡ ಎಂದಿದ್ದರು ಡಾಕ್ಟರು. “ಎಷ್ಟು ದಿನ ಅಂತ ಮುಚ್ಚಿಡ್ತೀರಿ?” ಎಂದು ಅವಳು ಜಗಳವಾಡಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ. ಭಾನುವಾರ ಇಬ್ಬರೂ ಹೋಗುತ್ತಿದ್ದರು. ಮಾತೆಲ್ಲ ಅವಳದ್ದು, ಅವನು ಸುಮ್ಮನೆ ಅಮ್ಮನ ಕಾಲೊತ್ತುತ್ತ ಕೂರುವವನು. ಅತ್ತೆ ದೊಡ್ಡ ಮಗನ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಸದ್ಯ, ಬದುಕಿದೆವು ಎಂದುಕೊಂಡಿದ್ದಳು.

ಈ ಗುರುವಾರ ಅವಳು ಅವನ ಹಿಂದೆಯೇ ಹೊರಟಳು.

ಅವನು ಕಾರ್ಖಾನೆಯ ಕಡೆ ತಿರುಗಲಿಲ್ಲ. ಬಸ್ ನಿಲ್ದಾಣ ದಾಟಿದ. ಬೆವರಿಗೆ ಮೂಗಿನ ಕ್ರೀಮು ಕರಗೀತೆಂದೋ ಏನೋ, ನೆರಳು ಹುಡುಕಿ ಹುಡುಕಿ ನಡೆದ. ಕೊನೆಗೆ ಹೊಕ್ಕಿದ್ದು ನರ್ಸಿಂಗ್ ಹೋಮಿನ ಗೇಟು. ಓಹೋ, ನರ್ಸಮ್ಮನೋ! ಭಾನುವಾರ ನಗುನಗುತ್ತ ಮಾತಾಡಿಸುವ ಆ ಬೆಳ್ಳನೆಯವಳೇ ಇರಬೇಕು. ಅವಳು ಬಿರಬಿರನೆ ಹೆಜ್ಜೆ ಹಾಕಿದಳು.

ಆದರೆ ಅವನು ಹೋದದ್ದು ಅತ್ತೆಯ ಕೋಣೆಗೆ. ಅವಳು ಪರದೆಯ ಮರೆಯಲ್ಲಿ ನಿಂತಳು.

“ಅಮ್ಮಾ, ನಾನು” ಎಂದು ಅವನು ಬಗ್ಗಿದ. ಸಕ್ಕರೆ ಕಾಯಿಲೆ ಅತ್ತೆಯ ಕಣ್ಣು ಕಿತ್ತುಕೊಂಡು ವರ್ಷಗಳಾಗಿದ್ದವು. ಯಾರೇ ಬಂದರೂ ಬೆರಳಲ್ಲೇ ನೋಡುವುದು. ಬೆರಳು ಹುಬ್ಬಿನಿಂದ ಮೂಗಿಗೆ ಇಳಿಯಿತು. ಅವನು ಉಸಿರು ಬಿಗಿಹಿಡಿದ.

“ಬಂದ್ಯಾ ದೊಡ್ಡೋನೇ! ಅದೇ ಬೆಣ್ಣೆ ಮುಖ. ನಿನ್ನ ತಮ್ಮಂದು ರವೆ ರವೆ.”

ಅವಳು ಪರದೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಗಿ ಯಾರದ್ದೆಂದು ಈಗ ಗೊತ್ತಾಯಿತು.

“ಲಾರಿ ಇನ್ನೂ ಚೆನ್ನಾಗಿದೆಯೇನೋ?”

“ಇದೆಯಮ್ಮಾ.” ಅವನು ಮಂಚದ ಕೆಳತುದಿಗೆ ಸರಿದು ಕೂತ. ಯೋಚನೆಯಿಲ್ಲದೆಯೇ ಕೈ ಅಮ್ಮನ ಪಾದಕ್ಕೆ ಹೋಯಿತು.

“ಚಿಕ್ಕೋನು ಸೊರಗಿದಾನೆ ಕಣೋ. ಒಳಗೇ ನುಂಗ್ಕೋತಾನೆ. ನೋಡ್ಕೋ.”

“ನೋಡ್ಕೋತೀನಮ್ಮಾ. ಅವನಿಗೆ ನಾನಿಲ್ವಾ?” ಎಂದ ಅವನು. ಭಾವನದ್ದೇ ಗತ್ತು, ಭಾವನದ್ದೇ ನಗು. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದನ್ನು ಅವಳು ಕಂಡಳು. ಅನುಮಾನಪಟ್ಟದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಬಿಸಿನೀರು ತರಲೆಂದು ಅವನು ಆಚೆ ಬಾಗಿಲಿಂದ ಹೋದ.

“ಬಾಮ್ಮ ಒಳಗೆ. ನಿನ್ನ ಚಪ್ಪಲಿ ಸದ್ದು ಆಗಲೇ ಕೇಳ್ತು” ಎಂದರು ಅತ್ತೆ.

ಅವಳು ಮಂಚದ ಪಕ್ಕ ಕುಸಿದು ಕೂತಳು. “ಅತ್ತೇ, ಕ್ಷಮಿಸಿ. ಇವರು ನಿಮ್ಮ...”

“ಶ್! ದೊಡ್ಡೋನು ಹುಟ್ಟಿದಾಗಿಂದ ಒಂದಿನ ನನ್ನ ಕಾಲು ಒತ್ತಿದೋನಲ್ಲ. ನಿಂತಲ್ಲೇ ಮಾತಾಡ್ಸಿ ಓಡೋ ಆಸಾಮಿ. ಮೊದಲ್ನೇ ಗುರುವಾರಾನೇ ನಂಗೆಲ್ಲ ಗೊತ್ತಾಯ್ತು. ರಾತ್ರಿ ಒಬ್ಳೇ ಅತ್ಕೊಂಡೆ.”

“ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?”

ಹೊರಗೆ ಹೆಜ್ಜೆ ಸಪ್ಪಳ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಖ ಸರಿಮಾಡಿಕೊಂಡು, ಸೊಸೆಯ ಕೈ ಅದುಮಿದರು.

“ಹೇಳ್ಬೇಡ ಕಣಮ್ಮಾ. ವಾರಕ್ಕೊಂದು ದಿನ ಅವನ ಅಣ್ಣ ಬದುಕಿರ್ಲಿ.”