ಕೆರೆ ದಂಡೆಯ ಬೂಟುಗಳು

ಇಬ್ಬರಲ್ಲಿ ಒಬ್ಬ. ಆಮ್ರಪಾಲಿ ಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಬೀದರಿನ ಚಹಾದಂಗಡಿಯೊಂದರ ಮಾಳಿಗೆ. ಹಳೆಯ ಕೊಲೆ ಸಿನಿಮಾಗಳ ಹುಚ್ಚು ಹತ್ತಿದವರು ಪ್ರತಿ ರವಿವಾರ ಮಧ್ಯಾಹ್ನ ಇಲ್ಲಿ ಸೇರುತ್ತಿದ್ದರು. ಮುಖವಾಡ, ಮಚ್ಚು, ಓಡುವ ಹುಡುಗಿ. ಯಾವುದು ಮೇಲು, ಯಾವುದು ಸಪ್ಪೆ ಎಂಬ ಜಗಳ. ಇವತ್ತು ಎಲ್ಲೆಲ್ಲೂ ಮದುವೆ, ಬಂದವರು ಮೂವರೇ.

ತಂಗಿ ಮಹಾಮಾಯಾ ಕೂತಿರುತ್ತಿದ್ದ ಕುರ್ಚಿಯಲ್ಲಿ ಈಗ ಆಮ್ರಪಾಲಿ ಕೂತಿದ್ದಳು. ಹೋದ ವರ್ಷ ಒಂದು ಸಂಜೆ, ಗುಂಪಿನವರೊಬ್ಬರು ಬೈಕಿನಲ್ಲಿ ಭಾಲ್ಕಿಗೆ ಬಿಡುತ್ತಾರೆಂದು ಮಹಾಮಾಯಾ ಫೋನಿನಲ್ಲಿ ಹೇಳಿದ್ದಳು. ಮರುದಿನ ರಸ್ತೆ ಪಕ್ಕದ ಬಾವಿಯಲ್ಲಿ ಸಿಕ್ಕಳು. ಚಪ್ಪಲಿಗಳು ದಂಡೆಯ ಮೇಲೆ ಜೋಡಿಸಿಟ್ಟಂತೆ ಇದ್ದವು. "ತಾನಾಗೇ ಹಾರ್ಯಾಳ್ರಿ," ಎಂದರು ಪೊಲೀಸರು.

ಗುಂಪಿನಲ್ಲಿ ಬೈಕು ಇದ್ದವರು ಇಬ್ಬರೇ.

ಒಬ್ಬ ರಾಹೀಲ. ಔರಾದಿನಲ್ಲಿ ಮೊಬೈಲ್ ಅಂಗಡಿ. ಮಾತು ಕಡಿಮೆ, ಕಣ್ಣು ಪದೇ ಪದೇ ಅವಳ ಚೀಲದ ಮೇಲೆ. ಅವನ ಫೋನು ಲೋಟಕ್ಕೆ ಒರಗಿ ನಿಂತಿತ್ತು; ಪ್ರತಿ ವಾದವನ್ನೂ ತನ್ನ ಚಾನೆಲ್ಲಿಗೆ ರೆಕಾರ್ಡ್ ಮಾಡುತ್ತಿದ್ದ. ಇನ್ನೊಬ್ಬ ಟ್ಯೂಷನ್ ಹೇಳುವ ಸ್ವಪ್ನಿಲ. ಮಹಾಮಾಯಾಳ ಮಣ್ಣಿಗೆ ಬಂದಾಗ ಅವ್ವನಿಗೆ ನೀರು ಕುಡಿಸಿದವನು ಅವನೇ.

"ಇಷ್ಟು ವರ್ಷ ಆದ್ರೂ ಈ ಸಿನಿಮಾ ಯಾಕ ಸಾಯವಲ್ಲವು, ಗೊತ್ತದ ಏನ್ರಿ ಅಕ್ಕಾ?" ಎಂದ ಸ್ವಪ್ನಿಲ. "ಹುಡುಗಿ ಓಡ್ತಾಳ. ಕೊಲೆಗಾರ ಬರೇ ನಡೀತಾನ. ಆದ್ರೂ ಸಿಗ್ತಾಳ. ಅದೇ ಮಜಾ."

"ಅಲ್ಲೋ ಯಾರ್," ಎಂದ ರಾಹೀಲ. "ಕಡೀಕ ಉಳದಾಕಿ ತಿರುಗಿ ಹೊಡೀತಾಳಲ್ಲ, ಜನ ಅದಕ್ಕ ಕಾಯ್ತಾರ." ಮತ್ತೆ ಚೀಲವನ್ನು ನೋಡಿದ.

ಆಮ್ರಪಾಲಿಯ ಬೆರಳು ಜಿಪ್ಪಿನ ಮೇಲೆ ಬಿಗಿಯಿತು.

"ನನಗ ಆ ಫಿನ್ಲೆಂಡಿನ ಹಳೇ ಸಿನಿಮಾನೇ ಎಲ್ಲಾಕಿಂತ ಮೇಲು ಅನಸ್ತದ. ಕೆರಿ ದಂಡಿದು. ನೋಡೀರೇನು?" ಎಂದಳು.

"ಇಲ್ರಿ. ಹೆಸರೇ ಕೇಳಿಲ್ಲ," ಎಂದ ರಾಹೀಲ.

ಸ್ವಪ್ನಿಲ ನಕ್ಕ. ಆ ಗುಂಪಿನಲ್ಲಿ 'ನೋಡಿಲ್ಲ' ಎನ್ನುವುದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. "ನೋಡಿಲ್ಲಂದ್ರ ಇಲ್ಲಿ ಯಾಕ ಕುಂತಿಯೋ? ನಾ ಎರಡ ಸಲ ನೋಡೇನಿ."

"ಹಂಗಾರ ನೀವೇ ಹೇಳ್ರಿ," ಎಂದಳು ಆಮ್ರಪಾಲಿ. "ಹುಡುಗೀನ ಕೆರಿಗಿ ದೂಡ್ತಾನ. ತಾನೇ ಹಾರ್ಯಾಳ ಅನ್ಲಿ ಅಂತ ಅಕಿ ಬೂಟು ದಂಡಿ ಮ್ಯಾಲ ಜೋಡಸ್ತಾನ. ಆದ್ರ ಓಡುವಾಗ ಒಂದು ಬೂಟಿನ ಲೇಸು ಹರದಿರ್ತದ. ಹಂಗೇ ಇಟ್ಟು ಹೋಗ್ತಾನ. ಇಂಥಾ ದಡ್ಡ ಕೊಲೆಗಾರ ಇನ್ನೊಬ್ಬ ಇಲ್ಲ ಬಿಡ್ರಿ."

ಸ್ವಪ್ನಿಲ ಲೋಟ ಕೆಳಗಿಟ್ಟ. ದಡ್ಡ ಎಂಬ ಮಾತು ಅವನಿಗೆ ಸೇರಲಿಲ್ಲ.

"ನೀವು ಸರಿ ನೋಡಿಲ್ಲ ಅಕ್ಕಾ. ಹರದದ್ದು ಹಂಗೇ ಬಿಟ್ರ ಓಡಿದ್ದು ಗೊತ್ತಾಗ್ತದಲ್ಲ? ಅವ ಮೊದಲ ಪಿನ್ನು ಚುಚ್ಚಿ ಸರಿ ಮಾಡ್ತಾನ, ಆಮ್ಯಾಲ ಜೋಡಸ್ತಾನ. ಇಡೀ ಸಿನಿಮಾದಾಗ ಅದೇ ಛಲೋ ಸೀನು."

ರಾಹೀಲ ಕಿಸಕ್ಕನೆ ನಕ್ಕ. "ಬೂಟಿನ ಲೇಸಿಗಿ ಪಿನ್ನೇನೋ? ಅದೇನು ಚಪ್ಪಲ್ಲಾ? ಗಂಟು ಹಾಕಿದ್ರ ಮುಗೀತು."



ಆಮ್ರಪಾಲಿ ಜಿಪ್ಪು ಎಳೆದಳು. ರಾಹೀಲ ಕುರ್ಚಿ ಹಿಂದೆ ಸರಿಸಿದ. ಹೊರಬಂದದ್ದು ಚಾಕುವಲ್ಲ, ಪೊಲೀಸರು ವಾಪಸು ಕೊಟ್ಟ ಒಂದು ಚಪ್ಪಲಿ. ಉಂಗುಟದ ಪಟ್ಟಿ ಹರಿದಿತ್ತು; ಪಿನ್ನು ಚುಚ್ಚಿ ಸರಿಮಾಡಿತ್ತು. ಪೊಲೀಸರು ಆ ಪಿನ್ನನ್ನು ಕಂಡೂ ಕಾಣಲಿಲ್ಲ. ಈ ಕಡೆ ಯಾರ ಚಪ್ಪಲಿಯಲ್ಲಿ ಪಿನ್ನಿಲ್ಲ? ಆದರೆ ಮಹಾಮಾಯಾ ಆ ಜೋಡನ್ನು ಕೊಂಡದ್ದು ಅದೇ ದಿನ ಮುಂಜಾನೆ.

"ರಾಹೀಲ ಭಾಯಿ, ಫೋನು ಬಂದ್ ಮಾಡಬ್ಯಾಡ್ರಿ," ಎಂದಳು.

"ನಾ... ಸಿನಿಮಾದಾಗ ನೋಡಿದ್ದು ಹೇಳೇನ್ರಿ ಅಕ್ಕಾ," ಎಂದ ಸ್ವಪ್ನಿಲ.

ಅಂಥ ಸಿನಿಮಾ ಯಾವ ದೇಶದಲ್ಲೂ ಇರಲಿಲ್ಲ. ಮುಂಜಾನೆ ಭಾಲ್ಕಿಯಿಂದ ಬರುವಾಗ ಬಸ್ಸಿನಲ್ಲಿ ಕೂತು ಆಮ್ರಪಾಲಿಯೇ ಆ ಕತೆ ಕಟ್ಟಿದ್ದಳು.