ಕಮಲಾಪುರದಿಂದ ಬಂದ ಬುಟ್ಟಿ

"ಬುಟ್ಟಿ ಮುಟ್ಟಬ್ಯಾಡ!"

ಅಂಬಮ್ಮ ಬಂಡಿಯಲ್ಲೇ ಮೊಣಕಾಲೂರಿ ಎದ್ದಳು. ಸುಂಕದ ನಾಕಾದ ಜವಾನ ಅಲ್ಲಾವುದ್ದೀನ್ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ನಿಜಾಮ್ ಸರ್ಕಾರದ ಸುಂಕ ತಪ್ಪಿಸಿ ಯಾವ ಸರಕೂ ಕಲಬುರಗಿಯೊಳಗೆ ಹೋಗುವಂತಿರಲಿಲ್ಲ. ಕಮಲಾಪುರದ ಬಂಡಿಯೆಂದರೆ ಕೆಂಪು ಬಾಳೆಹಣ್ಣು, ಬುಟ್ಟಿಯೆಂದರೆ ಹಣ್ಣಿನ ಬುಟ್ಟಿ ಎಂದೇ ಅವನ ಲೆಕ್ಕ.

"ಬಾಳಿಹಣ್ಣಿಗೆ ಅರಳಿ ಹೊದಿಸೀರಲ್ಲಮ್ಮಾ. ಅವಕ್ಕೂ ಥಂಡಿ ಆಗ್ತದೇನು?" ಮುಚ್ಚಳದ ಸಂದಿಯಲ್ಲಿ ಇಣುಕುತ್ತಿದ್ದ ಅರಳೆ ನೋಡಿ ಅವನು ನಕ್ಕ.

"ಹಣ್ಣಲ್ಲಪಾ, ಕೂಸು. ದಿನ ತುಂಬದೆ ಹುಟ್ಯಾದ. ಹೆಂಗಸರ ಜನಾನಾ ದವಾಖಾನಿಗೆ ಒಯ್ಲಾಕತ್ತೀನಿ. ಮುಚ್ಚಳ ತೆಗೆದಿ, ಗಾಳಿ ಸೋಕಿತು ಅಂದ್ರ ಹೋಗೇಬಿಡ್ತದ."

ಅವನು ನಗು ನಿಲ್ಲಿಸಿದ. ಬಗ್ಗಿ ಬುಟ್ಟಿಗೆ ಕಿವಿ ಹಚ್ಚಿದ.

"ಸಪ್ಪಳಾನೇ ಇಲ್ಲಲ್ರೀ."

ಬೆಳಗಿನಿಂದ ಬುಟ್ಟಿಯೊಳಗಿಂದ ಅಂಬಮ್ಮನಿಗೂ ಏನೂ ಕೇಳಿಸಿರಲಿಲ್ಲ. "ಮಲಗ್ಯಾದ" ಎಂದಳು.

ಜವಾನನ ಕಣ್ಣು ಬಂಡಿಯ ಹಿಂತುದಿಗೆ ಹೋಯಿತು. ಅಲ್ಲಿ ಅಂಬಮ್ಮನ ಮಗ ದೇವೀಂದ್ರಪ್ಪ ಅವಳಿಗೆ ಬೆನ್ನು ಮಾಡಿ, ಗದ್ದದ ತನಕ ಕಂಬಳಿ ಹೊದ್ದು ಕೂತಿದ್ದ.

"ಏ, ಕುಡಿದೀಯೇನು? ಕಣ್ಣು ತೆರಿ!"

ದೇವೀಂದ್ರಪ್ಪ ಕಣ್ಣು ತೆರೆಯಲಿಲ್ಲ. ಕೈ ಎತ್ತಿ ಸಲಾಮೂ ಮಾಡಲಿಲ್ಲ.

"ಮೈಯಾಗ ನೆಟ್ಟಗಿಲ್ರೀ ಅವರಿಗೆ" ಎಂದ ಬಂಡಿ ಹೊಡೆಯುವ ದೌಲಪ್ಪ, ಅವಸರವಾಗಿ. "ಭಾಳ ಹತ್ರ ಹೋಗಬ್ಯಾಡ್ರಿ."

ಊರೂರಿಗೆ ಜ್ವರ ಹಬ್ಬಿದ ವರ್ಷ ಅದು. ಜವಾನ ಮೂಗಿಗೆ ರುಮಾಲು ಒತ್ತಿಕೊಂಡು, ಹೋಗಿ ಎಂದು ಕೈ ಬೀಸಿದ.

ಎತ್ತುಗಳು ಹೊರಟವು. ಅಂಬಮ್ಮ ಬುಟ್ಟಿಯನ್ನು ಮತ್ತೆ ಮಡಿಲಿಗೆಳೆದುಕೊಂಡಳು. ಸೂಲಗಿತ್ತಿ ಬಂಡೆಮ್ಮ ನಸುಕಿನಲ್ಲಿ ಅದನ್ನು ಬಂಡಿಯಲ್ಲಿಟ್ಟು ಹೇಳಿದ್ದು ಒಂದೇ ಮಾತು: "ನರ್ಸಬಾಯಿ ಕೈಗೆ ಕೊಡೋ ತನಕ ಮುಚ್ಚಳ ತೆಗೀಬ್ಯಾಡ, ಯಕ್ಕಾ." ಕೂಸಿನ ತಾಯಿ ಸೂಗಮ್ಮ ಬಾಣಂತಿ ಜ್ವರದಲ್ಲಿ ಸುಡುತ್ತಿದ್ದಳು. ಬಂಡೆಮ್ಮ ಅವಳ ಹತ್ತಿರವೇ ಉಳಿದಳು.

ಈ ಮನೆಯಲ್ಲಿ ಮೊದಲಿನ ಎರಡು ಕೂಸುಗಳೂ ಬದುಕಿ ನಿಂತಿರಲಿಲ್ಲ. ಎರಡನ್ನೂ ಹುಟ್ಟಿದ ದಿನವೇ ಅಪ್ಪ ದೇವೀಂದ್ರಪ್ಪ ಎತ್ತಿಕೊಂಡು ಮುಖ ನೋಡಿದ್ದ. ಆದ್ದರಿಂದ ಅಂಬಮ್ಮ ಈ ಸಲ ಕಟ್ಟು ಹಾಕಿದ್ದಳು. ತೊಟ್ಟಿಲಿಗೆ ಹಾಕುವ ತನಕ ಅಪ್ಪನ ಕಣ್ಣಿಗೆ ಕೂಸು ಬೀಳಕೂಡದು. ಅವನು ಬರುವುದೇ ಬೇಡವೆಂದಿದ್ದಳು. ಆದರೆ ಪರಊರಿನ ದವಾಖಾನೆಗೆ ಗಂಡಸರಿಲ್ಲದೆ ಹೋಗುವುದು ಹೇಗೆ? "ಬಂದ್ರ ಹಿಂದ ಕೂಡು. ಬೆನ್ನು ಮಾಡಿ ಕೂಡು" ಎಂದಿದ್ದಳು.

ಅವನು ಹಾಗೇ ಕೂತಿದ್ದ. ತುಸು ಹೆಚ್ಚೇ ಹಾಗೆ ಕೂತಿದ್ದ. ಹಳ್ಳ ದಾಟುವಾಗ ಬಂಡಿ ವಾಲಿದರೂ ಬುಟ್ಟಿಗೆ ಆಸರೆಯಾಗಲು ಕೈ ಚಾಚಲಿಲ್ಲ. ನಡುದಾರಿಯಲ್ಲಿ ಒಮ್ಮೆ ಬಂಡಿ ನಿಲ್ಲಿಸಿ ಚೊಂಬು ಹಿಡಿದು ಬೇಲಿಯ ಮರೆಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ.

"ಹೇಣ್ತಿ ಅಲ್ಲಿ ಜ್ವರದಾಗ ಬಿದ್ದಾಳ, ಕೂಸು ಇಲ್ಲಿ ಜೀವ ಹಿಡಿದದ, ಇವ ನೋಡು ಮದುಮಗ ಕೂತಂಗ ಕೂತಾನ" ಎಂದು ಈಗಲೂ ಗೊಣಗಿದಳು.

"ಬೈಬ್ಯಾಡ ಚಿಗವ್ವಾ" ಎಂದ ದೌಲಪ್ಪ, ಎತ್ತಿನ ಬಾಲ ನೋಡುತ್ತ. "ಕೂತವರಿಗೇ ಗೊತ್ತು ಕೂತಿದ್ದರ ಕಷ್ಟ."

"ನೀ ಎತ್ತು ಹೊಡಿ."

ಕಲಬುರಗಿಯ ಬ್ರಹ್ಮಪುರದ ಓಣಿಗೆ ತಿರುಗುವಾಗ ಬೆಕ್ಕಿನ ಮರಿಯಂಥ ಒಂದು ದನಿ ಎಳೆಯಾಗಿ ಕೇಳಿತು. ಅದರ ಬೆನ್ನಿಗೇ ದೇವೀಂದ್ರಪ್ಪ ಜೋರಾಗಿ ಕೆಮ್ಮಿದ. ಅಂಬಮ್ಮ ಬುಟ್ಟಿಯ ಮೇಲೆ ಬಾಗಿ, "ಇದ್ದೀಯಾ ನನ ಬಂಗಾರಾ? ಬಂತು, ಬಂತು, ದವಾಖಾನಿ ಬಂತು" ಎಂದು ಕಣ್ಣೀರು ಸುರಿಸಿದಳು. ಮಗನ ಕೆಮ್ಮಿಗೆ ಸಿಟ್ಟೂ ಬಂತು. ಈ ಹೊತ್ತಿಗೇ ಕೆಮ್ಮಬೇಕೆ?

ಜನಾನಾ ದವಾಖಾನೆಯ ನರ್ಸು ಇಕ್ಬಾಲ್ ಬೇಗಂ ಬಾಗಿಲಲ್ಲೇ ಬುಟ್ಟಿ ಇಸಿದುಕೊಂಡಳು. ಒಳಗಿನ ಕೋಣೆಯಲ್ಲಿ ಒಲೆ ಕಾಯುತ್ತಿತ್ತು. ಬಿಸಿನೀರಿನ ಸೀಸೆಗಳಿಗೆ ಬಟ್ಟೆ ಸುತ್ತಿಟ್ಟಿದ್ದರು. ಅಂಬಮ್ಮ ಸೆರಗು ಕಚ್ಚಿಕೊಂಡು ಗೋಡೆಗೆ ಆತು ನಿಂತಳು.

ನರ್ಸು ಮುಚ್ಚಳ ತೆಗೆದಳು. ಅರಳೆ ಸರಿಸಿದಳು. ಮತ್ತೂ ಸರಿಸಿದಳು. ಅವಳ ಕೈ ನಿಂತಿತು.

"ಅಮ್ಮಾ, ಕೂಸು ಎಲ್ಲದ?"

ಬುಟ್ಟಿಯ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಮರಳಿನ ಗಂಟೊಂದಿತ್ತು. ಹೊರಡುವಾಗ ಬಿಸಿ ಇದ್ದಿರಬೇಕು. ಈಗ ಕಲ್ಲಿನ ಹಾಗೆ ತಣ್ಣಗಿತ್ತು.

ಅಂಬಮ್ಮ ಅರಳೆಯನ್ನೆಲ್ಲ ನೆಲಕ್ಕೆ ಸುರಿದು ತಡಕಾಡಿದಳು. ಇಡೀ ದಾರಿ ಮಡಿಲಲ್ಲಿ ಇದನ್ನೇ ಹೊತ್ತು ತಂದೆನೆ? ಯಾರು ಒಯ್ದರು? ಎಲ್ಲಿ? "ಬಂಡಿ ಹೊಳ್ಳಸೋ ದೌಲಪ್ಪಾ!" ಎಂದು ಕೊನೆಗೆ ಚೀರಿದಳು. "ಕೂಸಿಲ್ಲೋ! ದಾರ‍್ಯಾಗ ಕಳಕೊಂಡ್ನೋ ನನ ಕೂಸಿನ್ನ!"

ಬಾಗಿಲಲ್ಲಿ ಯಾರೋ ಎಡವಿದ ಸದ್ದಾಯಿತು.

ದೇವೀಂದ್ರಪ್ಪ ಒಂದು ಕೈಯಿಂದ ಗೋಡೆ ಸವರುತ್ತ, ಕುರುಡನಂತೆ ಒಳಗೆ ಬಂದ. ಇನ್ನೊಂದು ಕೈ ಕಂಬಳಿಯ ಒಳಗೇ ಇತ್ತು. ನರ್ಸು ಓಡಿಹೋಗಿ ಕಂಬಳಿ ಸರಿಸಿದಳು. ಅವನ ಬರಿಯ ಎದೆಗೆ ಸೂಗಮ್ಮನ ಹಳೆಯ ಸೀರೆಯಿಂದ ಕಟ್ಟಿದ್ದ ಅಂಗೈಯಷ್ಟು ಜೀವವೊಂದು, ತುಟಿಗೆ ಹತ್ತಿದ ಚೊಂಬಿನ ಹಾಲಿನ ಹನಿಯನ್ನು ಚಪ್ಪರಿಸುತ್ತ, ಬೆಚ್ಚಗೆ ಉಸಿರಾಡುತ್ತಿತ್ತು.

"ಮೈಕಾವಿಗೆ ಬಂಡೆಮ್ಮನೇ ಕಟ್ಟ್ಯಾಳ, ನಾ ಮುಖ ನೋಡಿಲ್ಲ. ಯಾರಂಗ ಅದ, ಅವ್ವಾ?" ಎಂದು ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಕೇಳಿದ.