ಹಿಂದಕ್ಕೂ ಐದು ಗೇರು

ಗಾಡಿ ಮೂರನೇ ಗೇರಿನಲ್ಲೂ ಹಿಂದಕ್ಕೇ ಓಡಿದಾಗ ಲಿಂಗರಾಜು ಗಾಬರಿಬಿದ್ದ. ನಾಲ್ಕಕ್ಕೆ ಹಾಕಿ ನೋಡಿದ, ಅದೂ ಹಿಂದಕ್ಕೇ. ಐದು ಬೀಳುವಷ್ಟರಲ್ಲಿ ಹುಣಸೆಮರ ಬೆನ್ನಿಗೇ ಬಂದುಬಿಟ್ಟಿತ್ತು. ಬ್ರೇಕ್ ತುಳಿದು, ಉಕ್ಕಿನ ಆ ಪೆಟ್ಟಿಗೆಯೊಳಗೆ ಬೆವೆತು ಕುಳಿತ. ಬೆಳಿಗ್ಗೆ ಆಯಿಲ್ ಬದಲಿಸಿ, ಸುಮ್ಮನೆ ಒಂದು ಸುತ್ತು ಹಾಕಿ ನೋಡೋಣವೆಂದು ಹತ್ತಿದ್ದ, ಅಷ್ಟೇ. ಮುಂದಕ್ಕೆ ಸರಿಯಾಗಿಯೇ ಓಡಿತ್ತು, ರಿವರ್ಸಿಗೆಂದೇ ಇದ್ದ ಬೇರೆ ಕೋಲು ಎಳೆದ ಮೇಲೆ ಹೀಗಾಗಿತ್ತು. ಯಾವ ಗಾಡಿಗಾದರೂ ಹಿಂದಕ್ಕೆ ಒಂದೇ ಗೇರು. ಐವತ್ತು ವರ್ಷ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವನಿಗೆ ಅಷ್ಟೂ ಗೊತ್ತಿರುವುದಿಲ್ಲವೆ?

ಎರಡನೇ ಮಹಾಯುದ್ಧದಲ್ಲಿ ಓಡಾಡಿದ್ದ ಕವಚದ ಗಾಡಿ ಅದು. ಗುಜರಿಯಲ್ಲಿ ಬಿದ್ದಿದ್ದನ್ನು ಹಳೇ ಗಾಡಿಗಳ ಹುಚ್ಚಿನ ಗೋವಿಂದರಾಜು ತಂದು, ಇಲವಾಲದ ತಮ್ಮ ತೋಟದ ಶೆಡ್ಡಿನಲ್ಲಿಟ್ಟು ಹೊಸದು ಮಾಡಿಸಿದ್ದರು. ಭಾನುವಾರ ಹಳೇ ಗಾಡಿಗಳ ಮೆರವಣಿಗೆ, ಎಲ್ಲಕ್ಕೂ ಮುಂದೆ ಹೋಗಬೇಕಾದದ್ದು ಇದೇ. ಇದರ ಗೇರ್‌ಬಾಕ್ಸಿಗೆ ಲಿಂಗರಾಜುವಿನ ಕೈ ಬಿಟ್ಟು ಬೇರೆ ಕೈ ತಾಗಕೂಡದು ಎಂಬುದು ಅವರ ಹಟ. ಆ ಹಟವೇ ಲಿಂಗರಾಜುವನ್ನು ಕುಗ್ಗದಂತೆ ಹಿಡಿದು ನಿಲ್ಲಿಸಿತ್ತು. ಈಚೀಚೆಗೆ ಅವನಿಗೆ ಉಂಡದ್ದು ಮರೆಯುತ್ತಿತ್ತು, ತನ್ನ ಬೀದಿಯ ತಿರುವು ಮರೆಯುತ್ತಿತ್ತು, ಮನೆಯವರೆಲ್ಲ ಅವನೊಡನೆ ಎಳೆಮಗುವಿನ ಜೊತೆ ಆಡುವಂತೆ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ತಲೆ ಹಾಳಾಗಿ ಹೋಗಲಿ, ಕೈಯೊಂದು ನೆಟ್ಟಗಿದ್ದರೆ ಸಾಕು ಎಂದು ಅವನು ಧೈರ್ಯ ಹೇಳಿಕೊಂಡಿದ್ದ. ಈಗ ಕೈಯೂ ಮೋಸ ಮಾಡಿತೇನೋ ಎಂದು ಹೆದರಿದ.

ಶೆಡ್ಡಿನ ಬಾಗಿಲಲ್ಲಿ ಮಗಳು ವಾಣಿ ನಿಂತಿದ್ದಳು. ಹನ್ನೆರಡು ವರ್ಷದಿಂದ ಅಪ್ಪನ ಜೊತೆಗೇ ಕೆಲಸ. ಉಗುರಿನ ಸಂದಿಯ ಗ್ರೀಸು ಮದುವೆಯ ದಿನವೂ ಪೂರ್ತಿ ಹೋಗಿರಲಿಲ್ಲ.

"ಬಿಚ್ಬೇಕು ಕಣಮ್ಮ. ಒಳಗಡೆ ಏನೋ ಉಲ್ಟಾ ಕೂರಿಸ್ಬುಟ್ಟಿವ್ನಿ."

"ಸರಿಯಾಗೇ ಅದೆ ಬುಡಿ ಅಪ್ಪಾಜಿ."

ಹಿಂದಕ್ಕೆ ಐದು ಗೇರು ಓಡುವುದು ಸರಿಯೇ ಎಂದು ಅವನು ರೇಗಿದ. ವಾಣಿ ಸಾಮಾನಿನ ಡಬ್ಬಿ ತೆರೆದು, ಅವನು ಕೇಳುವ ಮೊದಲೇ ಬೇಕಾದ ಅಳತೆಯ ಸ್ಪ್ಯಾನರ್ ಕೈಗಿಟ್ಟಳು. ಡ್ರೈವರ್ ಸೀಟಿನ ಕೆಳಗಿನ ದಪ್ಪ ತಗಡಿನ ಹದಿನಾರು ಬೋಲ್ಟುಗಳನ್ನು ಅವನು ಬಿಚ್ಚಿದ ಮೇಲೆ, ತಗಡನ್ನು ತಾನೇ ಎತ್ತಿಕೊಂಡು ಹೋಗಿ, ಒಳಮೈ ಗೋಡೆಗೆ ಬರುವಂತೆ ಒರಗಿಸಿದಳು.

ಮಧ್ಯಾಹ್ನದವರೆಗೂ ಲಿಂಗರಾಜು ಗಾಡಿಯ ಆ ಹೊಟ್ಟೆಯೊಳಗೆ ಬಗ್ಗಿಯೇ ಇದ್ದ. ಲಾರಿಯಲ್ಲಾದರೆ ಈ ರೋಗ ಅವನಿಗೆ ಗೊತ್ತಿತ್ತು. ಹಿಂದಿನ ಚಕ್ರಗಳನ್ನು ತಿರುಗಿಸುವ ಕ್ರೌನ್ ವೀಲನ್ನು ತಿರುಗಾಮುರುಗಾ ಕೂರಿಸಿದರೆ ಗೇರುಗಳೆಲ್ಲ ಹಿಂದಕ್ಕಾಗಿ, ಮುಂದಕ್ಕೆ ಒಂದೇ ಉಳಿಯುತ್ತದೆ. ಹೊಸಬರು ಹಾಗೆ ಮಾಡಿದಾಗ ಅವನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದುಂಟು. ಆದರೆ ಈ ಗಾಡಿ ಮುಂದಕ್ಕೂ ಐದರಲ್ಲಿ ಓಡುತ್ತಿತ್ತು. ಎರಡೂ ಕಡೆಗೆ ಐದೈದು ಕೊಡುವಂಥ ತಪ್ಪು ಯಾವುದು? ಹಲ್ಲುಗಳನ್ನು ಎಣಿಸಿದ, ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದ. ಎಲ್ಲವೂ ಇರಬೇಕಾದಲ್ಲೇ ಇತ್ತು. ಹಾಗಿದ್ದದ್ದೇ ಅವನನ್ನು ಇನ್ನಷ್ಟು ಕಂಗೆಡಿಸಿತು.

ಕಾಫಿ ಹಿಡಿದು ಬಂದ ಗೋವಿಂದರಾಜು ಬಿಚ್ಚಿದ ಗಾಡಿಯನ್ನು ನೋಡಿ "ಮತ್ತೆ..." ಎಂದವರು, ವಾಣಿಯ ಮುಖ ಕಂಡು, ಮತ್ತೆ ಸಕ್ಕರೆ ಕಮ್ಮಿ ಆಗಿದೆಯೋ ಏನೋ ನೋಡಿ ಎಂದು ಹೇಗೋ ಮುಗಿಸಿ ಹೊರಟುಹೋದರು. ಲಿಂಗರಾಜು ಕಾಫಿ ಮುಟ್ಟಲಿಲ್ಲ. ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ಅವು ಯಾರದೋ ಕೈಗಳೆಂಬಂತೆ ನೋಡುತ್ತ ಕುಳಿತ.

"ನಾಳೆಯಿಂದ ನಾನು ಬರಕಿಲ್ಲ ಕಣಮ್ಮ. ಕೈನೂ ಹೋಯ್ತು."

ವಾಣಿ ಅವನ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. "ಕೈ ಎಲ್ಲೂ ಹೋಗಿಲ್ಲ ಅಪ್ಪಾಜಿ. ಇದು ಶತ್ರು ಎಲ್ಲವ್ನೆ ಅಂತ ನೋಡ್ಕೊಂಡು ಬರಕ್ಕೆ ಮಾಡಿರೋ ಗಾಡಿ. ಎದುರಿಗೇ ಸಿಕ್ಬುಟ್ರೆ ತಿರುಗಿಸ್ಕೊಳಕ್ಕೆ ಟೈಮೆಲ್ಲಿ? ಅದ್ಕೇ ಹಿಂದಕ್ಕೂ ಐದು ಗೇರು ಮಡಗವ್ರೆ. ಹೋದಷ್ಟೇ ಜೋರಾಗಿ ಹಿಂದಕ್ಕೆ ಓಡ್ಬರ್ಬೋದು."

ಲಿಂಗರಾಜು ಬಗ್ಗಿ ಇನ್ನೊಮ್ಮೆ ನೋಡಿದ. ಬೆಳಗಿನಿಂದ ಗೋಜಲಾಗಿ ಕಂಡಿದ್ದ ಹಲ್ಲುಚಕ್ರಗಳು ಒಂದೊಂದಾಗಿ ಅರ್ಥವಾಗತೊಡಗಿದವು. ಹೌದಲ್ಲ! ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಂಥಾ ನಿರಾಳ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಇದನ್ನೆಲ್ಲ ನಿನಗೆ ಹೇಳಿದವರು ಯಾರು ಎಂದು ಕೇಳಿದ. ಗೊತ್ತಿದ್ದವರೊಬ್ಬರು ಹೇಳಿದರು ಎಂದಳು ವಾಣಿ.

"ಅಷ್ಟು ಗೊತ್ತಿದ್ದೋನು ಒಳಗಡೆ ಒಂದ್ಮಾತು ಬರ್ದು ಮಡಗಬಾರ್ದಾ? ಸುಮ್ಸುಮ್ನೆ ಒಂದಿನ ಹಾಳು. ಬಣ್ಣ ತತ್ತಾ, ತಗಡಿನ ಒಳಮೈಗೆ ನಾನೇ ಬರೀತೀನಿ. ಮುಂದೆ ಬಿಚ್ಚೋ ದಡ್ಡನಿಗಾದ್ರೂ ಗೊತ್ತಾಗ್ಲಿ."

ವಾಣಿ ಬಣ್ಣ ತರಲು ಎದ್ದಳು. ಲಿಂಗರಾಜು ಉತ್ಸಾಹದಿಂದ ಹೋಗಿ ಗೋಡೆಗೊರಗಿದ್ದ ತಗಡನ್ನು ತಿರುಗಿಸಿದ.

ಹಳದಿ ಬಣ್ಣದ ಅಕ್ಷರಗಳು. *ಹಿಂದಕ್ಕೂ ಐದು ಗೇರು. ಸರಿಯಾಗಿದೆ. ಬಿಚ್ಚಬೇಡ.* ಪಕ್ಕದಲ್ಲಿ ತಾರೀಖು. ಅದರ ಕೆಳಗೆ ಅದೇ ಮಾತು, ಬೇರೆ ತಾರೀಖು. ಅದರ ಕೆಳಗೆ ಇನ್ನೊಮ್ಮೆ, ಹೋದ ತಿಂಗಳದ್ದು. ಮೊದಲನೆಯ ಸಾಲು ನೆಟ್ಟಗಿತ್ತು, ಮೂರನೆಯದು ಇಳಿಜಾರಿಗೆ ಜಾರಿತ್ತು. ಮೂರರ ಕೊನೆಗೂ ಇದ್ದದ್ದು ಅವನದೇ ರುಜು.

ಅವನು ಬೆರಳಿನಿಂದ ಒಂದೊಂದೇ ಸಾಲನ್ನು ಮುಟ್ಟಿ ನೋಡಿದ. ಬಣ್ಣ ಒಣಗಿ ಗಟ್ಟಿಯಾಗಿತ್ತು. ಹಿಂದೆ ಬಂದು ನಿಂತ ವಾಣಿ ಹಳದಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಬ್ರಶ್ಶನ್ನು ಅದ್ದಿ ಅವನ ಕೈಗೆ ಕೊಟ್ಟಳು.

"ಕೆಳಗಡೆ ಇನ್ನೂ ಜಾಗ ಅದೆ ಅಪ್ಪಾಜಿ," ಎಂದಳು.